ಗೆಲುವಿನ ಹೊಸ್ತಿಲಲ್ಲಿ ಎಡವಿದವರು

ನಾನು ಗಾಲ್ಫ್ ಆಡಿದವನಲ್ಲ. ಅದರ ದಾಂಡನ್ನು ಕೈಯಲ್ಲಿ ಹಿಡಿದವನೂ ಅಲ್ಲ. ಪ್ರೌಢಶಾಲೆಯಲ್ಲಿ ಹಳಗನ್ನಡ ಪದ್ಯಗಳಿಗೆ ಅರ್ಥ ಹೇಳಿಕೊಂಡು ಬಂದ ಪಂಡಿತನಿಗೆ ಈ ಆಟದ ಗೊಡವೆ ಏತಕ್ಕೆ ಎಂದು ನೀವು ಕೇಳಬಹುದು. ಸೋಲುಗೆಲುವುಗಳ ಮಾತು ಬಂದಾಗ ಪಂಪ ರನ್ನರನ್ನು ಓದಿದವನಿಗೂ ಒಂದೆರಡು ಮಾತನಾಡುವ ಹಕ್ಕುಂಟಷ್ಟೆ. ಆ ಸಲುಗೆಯಿಂದಲೇ ಈ ಹೊತ್ತು ನಿಮ್ಮ ಮುಂದೆ ಬಂದಿದ್ದೇನೆ.

ಆಟದ ನಿಯಮ ಸರಳವಾದದ್ದು. ಮೈದಾನದಲ್ಲಿ 18 ಕುಳಿಗಳು. ಒಂದಾದಮೇಲೊಂದರಂತೆ ಅವುಗಳಿಗೆ ಚೆಂಡನ್ನು ಬೀಳಿಸಬೇಕು. ಕಡಮೆ ಹೊಡೆತಗಳಲ್ಲಿ ಮುಗಿಸಿದವನಿಗೆ ಜಯ. ದೊಡ್ಡ ಪಂದ್ಯಗಳು ನಾಲ್ಕು ದಿನ ನಡೆಯುತ್ತವೆ. ಕ್ರಿಕೆಟ್ಟಿನಲ್ಲಿ ಚೆಂಡೆಸೆಯುವವನಿದ್ದಾನೆ, ಕುಸ್ತಿಯಲ್ಲಿ ಪಟ್ಟು ಹಾಕುವವನಿದ್ದಾನೆ. ಇಲ್ಲಿಯೋ, ಚೆಂಡು ಅಲುಗದೆ ಕಾದಿರುತ್ತದೆ. ಎದುರಾಳಿ ಅದನ್ನು ಮುಟ್ಟುವಂತೆಯೇ ಇಲ್ಲ. ಆದ್ದರಿಂದ ಸೋತವನಿಗೆ ದೂರಲು ಬೇರೊಬ್ಬರು ಸಿಕ್ಕುವುದಿಲ್ಲ.

1999ರ ಜುಲೈ ತಿಂಗಳು. ಸ್ಕಾಟ್ಲೆಂಡಿನ ಕಾರ್ನೂಸ್ಟಿಯಲ್ಲಿ ಓಪನ್ ಚಾಂಪಿಯನ್‌ಷಿಪ್ ಪಂದ್ಯ. ಫ್ರಾನ್ಸಿನ ಜಾನ್ ವಾನ್ ದ ವೆಲ್ಡ್ ಕೊನೆಯ ಕುಳಿಗೆ ಬರುವಾಗ ಮೂರು ಹೊಡೆತ ಮುಂದಿದ್ದ. ಆ ಕುಳಿಗೆ ಗೊತ್ತುಮಾಡಿದ ಲೆಕ್ಕ 4. ಅವನು 6ರಲ್ಲಿ ಮುಗಿಸಿದ್ದರೂ ಪ್ರಶಸ್ತಿ ಅವನದೇ. 1907ರಲ್ಲಿ ಆರ್ನೊ ಮಾಸಿ ಗೆದ್ದಮೇಲೆ ಫ್ರೆಂಚರಿಗೆ ಆ ಪ್ರಶಸ್ತಿ ದೊರೆತಿರಲಿಲ್ಲ.

ಮೊದಲ ಹೊಡೆತ ಬಲಕ್ಕೆ ಸರಿಯಿತು; ಆದರೂ ನೀರಿಗೆ ಬೀಳಲಿಲ್ಲ. ಎರಡನೆಯದನ್ನು ಮೆಲ್ಲಗೆ ಹೊಡೆದು ಸುರಕ್ಷಿತವಾದ ಕಡೆ ಇರಿಸಿದ್ದರೆ ಸಾಕಿತ್ತು. ಅವನು ನೇರವಾಗಿ ಗುರಿಗೇ ಬೀಸಿದ. ಚೆಂಡು ಪ್ರೇಕ್ಷಕರ ಅಟ್ಟಣೆಗೆ ತಾಗಿ, ಹಳ್ಳದ ಕಲ್ಲುಗೋಡೆಗೆ ಬಡಿದು ಹಿಂದಕ್ಕೆ ಹಾರಿ, ದಟ್ಟ ಹುಲ್ಲಿನಲ್ಲಿ ಹೂತುಕೊಂಡಿತು. ಮೂರನೆಯ ಹೊಡೆತಕ್ಕೆ ಬ್ಯಾರಿ ಬರ್ನ್ ಎಂಬ ಆ ಹಳ್ಳದ ಪಾಲಾಯಿತು. ಅವನು ಬೂಟು, ಕಾಲುಚೀಲ ಕಳಚಿ, ಷರಾಯಿ ಮಡಿಸಿ ನೀರಿಗಿಳಿದ. ಆ ನೋಟವನ್ನು ಕಂಡಾಗ ನನಗೆ ನೆನಪಾದವನು ವೈಶಂಪಾಯನ ಸರೋವರದ ದುರ್ಯೋಧನ. ಆದರೆ ಈತನಿಗೆ ವೈರಿಗಳಾರೂ ದಡದಲ್ಲಿ ನಿಂತು ಮೂದಲಿಸಲಿಲ್ಲ. ಅಲ್ಲಿಂದ ಹೊಡೆಯಲಾಗದೆಂದು ಕಂಡು, ಒಂದು ಹೊಡೆತದ ದಂಡ ತೆತ್ತು ಮೇಲೆ ಬಂದ. ಮುಂದಿನ ಹೊಡೆತ ಮರಳುಗುಂಡಿಗೆ. ಕಡೆಗೆ 7ರಲ್ಲಿ ಮುಗಿಸಿದ. ಮೂವರು ಸರಿಸಮನಾದರು.

ಮೂವರಲ್ಲಿ ಅಮೆರಿಕದ ಜಸ್ಟಿನ್ ಲೆನರ್ಡ್ ಒಬ್ಬ. ಇನ್ನೊಬ್ಬ ಸ್ಕಾಟ್ಲೆಂಡಿನವನೇ ಆದ ಪಾಲ್ ಲಾರಿ. ಈ ಲಾರಿ ಆ ಬೆಳಿಗ್ಗೆ 10 ಹೊಡೆತ ಹಿಂದಿದ್ದವನು. ಅವನು ಗೆಲ್ಲುವನೆಂದು ಎಣಿಸಿದವರು ವಿರಳ. ನಾಲ್ಕು ಕುಳಿಗಳ ಮರುಹೋರಾಟದಲ್ಲಿ ಅವನೇ ಗೆದ್ದ. ಲೋಕವು ಫ್ರೆಂಚನ ಸೋಲನ್ನೇ ನೆನೆಯುತ್ತದೆ. ಕೊನೆಯ ದಿನ 67 ಹೊಡೆತಗಳಲ್ಲಿ ಆಟ ಮುಗಿಸಿದ ಲಾರಿಯ ಸಾಧನೆಯನ್ನು ಮರೆಯುತ್ತದೆ. ಇದು ನ್ಯಾಯವಲ್ಲ.

ಹೀಗೆ ಕುಸಿದವನು ಅವನೊಬ್ಬನೇ ಅಲ್ಲ. 1996ರಲ್ಲಿ ಅಮೆರಿಕದ ಅಗಸ್ಟಾದಲ್ಲಿ ಆಸ್ಟ್ರೇಲಿಯದ ಗ್ರೆಗ್ ನಾರ್ಮನ್ ಕೊನೆಯ ದಿನವನ್ನು 6 ಹೊಡೆತಗಳ ಮುನ್ನಡೆಯಿಂದ ಆರಂಭಿಸಿ, ನಿಕ್ ಫಾಲ್ಡೊವಿಗೆ 5 ಹೊಡೆತಗಳಿಂದ ಸೋತ. ಅದಕ್ಕೆ ಮೊದಲೇ ಎರಡು ಸಲ ಓಪನ್ ಗೆದ್ದಿದ್ದ ಕುಶಲಿ ಆತ. ಕೈಗೆ ಬಂದಿದ್ದ ವಿದ್ಯೆ ಒಂದು ಮಧ್ಯಾಹ್ನದಲ್ಲಿ ಎಲ್ಲಿಗೆ ಹೋಯಿತು? ಸರಾಗವಾಗಿ ಪದ್ಯ ಒಪ್ಪಿಸುತ್ತಿರುವ ಹುಡುಗನನ್ನು ನಡುವೆ ತಡೆದು ‘ಮುಂದಿನ ಪದ ಯಾವುದು?’ ಎಂದು ಕೇಳಿ ನೋಡಿ, ತಡವರಿಸುತ್ತಾನೆ. ಅಭ್ಯಾಸಬಲದಿಂದ ನಡೆಯುವ ಕೈಯನ್ನು ಮನಸ್ಸು ಭಯದಿಂದ ಕಾವಲು ಕಾಯತೊಡಗಿದರೆ ಆಗುವುದೂ ಅದೇ.

ಇದನ್ನು ನಾನು ತಡವಾಗಿ ಅರಿತೆ. ವರ್ಷವೆಲ್ಲ ತರಗತಿಗೆ ಮೊದಲಿಗನಾಗಿದ್ದ ಹುಡುಗನೊಬ್ಬ ಪಬ್ಲಿಕ್ ಪರೀಕ್ಷೆಯಲ್ಲಿ ತಪ್ಪಿದ. ‘ನಿನಗೆ ಎದೆಗಾರಿಕೆ ಇಲ್ಲವಯ್ಯ’ ಎಂದುಬಿಟ್ಟೆ. ಬುದ್ಧಿ ಹೇಳಿದೆನೆಂದೇ ನಾನು ತಿಳಿದಿದ್ದೆ. ಅವನು ಮತ್ತೆ ಪರೀಕ್ಷೆಗೆ ಕೂರಲೇ ಇಲ್ಲ.

ಉತ್ತರ ಐರ್ಲೆಂಡಿನ ರೋರಿ ಮ್ಯಾಕಿಲ್‌ರಾಯ್ 2011ರಲ್ಲಿ, ತನ್ನ 21ನೆಯ ವಯಸ್ಸಿನಲ್ಲಿ, ಅದೇ ಅಗಸ್ಟಾದಲ್ಲಿ 4 ಹೊಡೆತ ಮುಂದಿದ್ದು, ಕೊನೆಯ ದಿನ 80 ಹೊಡೆತ ತೆಗೆದುಕೊಂಡು ಕುಸಿದ. ಎರಡೇ ತಿಂಗಳಲ್ಲಿ ಅಮೆರಿಕದ ಓಪನ್ ಪಂದ್ಯವನ್ನು 8 ಹೊಡೆತಗಳ ಅಂತರದಿಂದ ಗೆದ್ದ. ಅಗಸ್ಟಾ ಮಾತ್ರ ಅವನಿಗೆ ಒಲಿಯಲು 2025 ಬರಬೇಕಾಯಿತು. ಹದಿನಾಲ್ಕು ವರ್ಷ ಅವನು ಸೋತ ಆ ನೆಲಕ್ಕೇ ಮತ್ತೆ ಮತ್ತೆ ಹೋಗಿ ನಿಂತಿದ್ದ.

ಪರೀಕ್ಷೆಯ ಫಲಿತಾಂಶ ಬರುವ ದಿನಗಳು ಎಲ್ಲ ಮನೆಗಳಿಗೂ ಬರುತ್ತವೆ. ಎಡವಿದ ಮಗು ಮನೆಗೆ ಬಂದಾಗ ನಾವಾಡುವ ಮೊದಲ ಮಾತು ಅದನ್ನು ಮತ್ತೆ ಮೈದಾನಕ್ಕೆ ಕಳುಹಿಸುವಂತಿರಲಿ. ಆ ಹುಡುಗನಿಗೆ ನಾನು ಆಡದೆ ಹೋದ ಮಾತು ಅದು.