ಪಥ್ಯ ಮತ್ತು ಕಲಬೆರಕೆ

ಪಥ್ಯವೆಂಬ ಮಾತು ನಮ್ಮ ಮನೆಗಳಲ್ಲಿ ಕಾಯಿಲೆಯ ಬೆನ್ನು ಹಿಡಿದು ಬರುತ್ತದೆ. ಯಾರಾದರೂ ಪಥ್ಯದಲ್ಲಿದ್ದಾರೆ ಎಂದರೆ ಅವರು ಅದನ್ನು ಉಣ್ಣುವುದಿಲ್ಲ, ಇದನ್ನು ಮುಟ್ಟುವುದಿಲ್ಲ ಎಂದೇ ನಾವು ತಿಳಿಯುತ್ತೇವೆ. ಸಂಸ್ಕೃತದಲ್ಲಿ ಈ ಶಬ್ದದ ಮೂಲಾರ್ಥ ಬೇರೆ. ಪಥಕ್ಕೆ, ಎಂದರೆ ದಾರಿಗೆ, ತಕ್ಕುದು ಪಥ್ಯ. ದೇಹಕ್ಕೆ ಹಿತವಾದದ್ದು, ಆದಕಾರಣ ಉಣ್ಣತಕ್ಕದ್ದು ಪಥ್ಯ. ಬಿಡತಕ್ಕದ್ದು ಅಪಥ್ಯ. ಕನ್ನಡದ ಬಳಕೆಯಲ್ಲಿ ಉಣ್ಣಬೇಕಾದುದರ ಹೆಸರು ಬಿಡಬೇಕಾದುದರ ಮೇಲೆ ಬಂದು ಕುಳಿತಿತು. ಶಬ್ದಗಳ ಅರ್ಥ ಹೀಗೆ ಪಲ್ಲಟವಾಗುವುದು ಭಾಷೆಯಲ್ಲಿ ಸಹಜ. ಅದಕ್ಕಾಗಿ ಯಾರನ್ನೂ ದೂರುವಂತಿಲ್ಲ. ಈ ಪಲ್ಲಟವು ನಿಘಂಟನ್ನು ದಾಟಿ ನಮ್ಮ ಗಂಗಾಳದವರೆಗೂ ಬಂದಿದೆಯೆಂಬುದೇ ಇಂದಿನ ನನ್ನ ಮಾತಿನ ವಿಷಯ.

ಆಹಾರದ ವಿಚಾರವಾಗಿ ಈಗ ಎರಡು ಕೂಗುಗಳು ಒಟ್ಟಿಗೇ ಕೇಳಿಬರುತ್ತಿವೆ. ಒಂದು, ತಿನ್ನುವ ಪದಾರ್ಥದಲ್ಲಿ ಏನೇನು ಬೆರೆಸಿರುತ್ತಾರೋ ಎಂಬ ಭಯದ ಕೂಗು. ಮತ್ತೊಂದು, ಬಿಡಿರೆಂಬ ಉಪದೇಶದ ಕೂಗು: ಅನ್ನ ಬಿಡಿ, ಗೋಧಿ ಬಿಡಿ, ಹಾಲು ಬಿಡಿ, ಎಣ್ಣೆ ಬಿಡಿ, ಕೊನೆಗೆ ರಾತ್ರಿಯ ಊಟವನ್ನೇ ಬಿಡಿ. ಮೊದಲು ಇಂತಹ ಉಪದೇಶಕ್ಕೆ ವೈದ್ಯರಾದರೂ ಬೇಕಿತ್ತು. ಈಗ ಕೈಯೊಳಗಿನ ಫೋನು ಸಾಕು. ಈ ಎರಡೂ ಕೂಗುಗಳನ್ನು ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿಗಳ ಈ ಸೀಮೆಯಲ್ಲಿ ನಿಂತು ಕೇಳಿದರೆ ಹೇಗೆ ಕೇಳಿಸುತ್ತವೆ ಎಂಬುದನ್ನು ನಾವು ಯೋಚಿಸಬೇಕು. ಇದು ಸುಣ್ಣಕಲ್ಲು ಸಿಮೆಂಟಾಗುವ ನಾಡು, ಹಾಸುಗಲ್ಲಿನ ಗಣಿಗಳ ನಾಡು, ಎಲ್ಲಕ್ಕಿಂತ ಮಿಗಿಲಾಗಿ ಜೋಳ ತೊಗರಿಗಳ ನಾಡು. ಗುಲ್ಬರ್ಗಾ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಿಯ ಮನ್ನಣೆಯೂ ದೊರೆಯಿತು.

ಮೊದಲು ಬೆರೆಸುವ ಮಾತು. ಸೇಡಂ ತಾಲೂಕಿನ ಮಳಖೇಡವೇ ರಾಷ್ಟ್ರಕೂಟರ ಮಾನ್ಯಖೇಟ. ಅಲ್ಲಿಯ ನೃಪತುಂಗನ ಆಸ್ಥಾನದಲ್ಲಿ ಹುಟ್ಟಿದ ಕವಿರಾಜಮಾರ್ಗವು ಸಂಸ್ಕೃತ ಕನ್ನಡ ಪದಗಳನ್ನು ವಿವೇಚನೆಯಿಲ್ಲದೆ ಸಮಾಸ ಮಾಡುವುದನ್ನು ಕಾಯುತ್ತಿರುವ ಹಾಲಿಗೆ ಮಜ್ಜಿಗೆಯ ಹನಿ ಬಿದ್ದುದಕ್ಕೆ ಹೋಲಿಸುತ್ತದೆ. ತರಗತಿಯಲ್ಲಿ ಈ ಪದ್ಯವನ್ನು ಪಾಠ ಹೇಳುವಾಗಲೆಲ್ಲ ನನಗೊಂದು ವಿನೋದದ ವಿಚಾರ ಹೊಳೆಯುತ್ತಿತ್ತು. ಅದೇ ಹಾಲನ್ನು ಕಾಸಿ, ಉಗುರು ಬೆಚ್ಚಗಾಗಲು ಬಿಟ್ಟು, ಅದೇ ಮಜ್ಜಿಗೆಯ ಹನಿ ಬೆರೆಸಿದರೆ ಬೆಳಗಾಗುವಷ್ಟರಲ್ಲಿ ಗಟ್ಟಿ ಮೊಸರು! ಬೆರೆತ ವಸ್ತು ಒಂದೇ. ಬೆರೆತ ಹೊತ್ತು ಬೇರೆ, ಬೆರೆಸಿದ ಕೈ ಬೇರೆ. ಆಹಾರದ ವಿಷಯದಲ್ಲಿಯೂ ಬೆರೆಸುವುದೇ ಪಾಪವೆಂದು ಹೊರಟರೆ ಉಪ್ಪಿನಕಾಯಿ, ಹಪ್ಪಳ, ಸಂಡಿಗೆಗಳೆಲ್ಲ ಮನೆ ಬಿಟ್ಟು ಹೋಗಬೇಕಾದೀತು. ತಿಂಗಳುಗಟ್ಟಲೆ ಇಟ್ಟು ತಿನ್ನುವ ನಮ್ಮ ಕಟಕ ರೊಟ್ಟಿಯೂ ಸಂಸ್ಕರಿಸಿದ ಆಹಾರವೇ.

ಪೊಟ್ಟಣಗಳ ಹಿಂಭಾಗದಲ್ಲಿ ಇರುವೆಯ ಸಾಲಿನಂತೆ ಅಚ್ಚಾಗಿರುವ ಸಂಖ್ಯೆಗಳನ್ನು ಕಂಡು ಹೆದರುವವರಿದ್ದಾರೆ. ಐಎನ್‌ಎಸ್ 330 ಎಂದರೆ ನಿಂಬೆಯ ಹುಳಿಯಲ್ಲಿರುವ ಸಿಟ್ರಿಕ್ ಆಮ್ಲ. ಐಎನ್‌ಎಸ್ 100 ಎಂದರೆ ಅರಿಶಿನದ ಹಳದಿ. ಐಎನ್‌ಎಸ್ 500 ಎಂದಿರುವಲ್ಲಿ ಮಿರ್ಚಿ ಭಜಿಗೆ ಹಾಕುವ ಸೋಡಾ ಇರಬಹುದು. ಹಾಗೆಂದು ಎಲ್ಲ ಸಂಖ್ಯೆಗಳೂ ನಿಂಬೆ ಅರಿಶಿನಗಳಲ್ಲ. 211 ಕೆಡದಂತೆ ಕಾಯುವ ಸೋಡಿಯಂ ಬೆಂಜೊಯೇಟ್, 102 ಟಾರ್ಟ್ರಜಿನ್ ಎಂಬ ಕೃತಕ ಹಳದಿ. ಇವುಗಳಿಗೆ ಕಾನೂನು ಮಿತಿಯನ್ನು ವಿಧಿಸಿದೆ. ಸಂಖ್ಯೆಯನ್ನು ಅಚ್ಚು ಹಾಕಿದವನು ತಾನು ಏನು ಬೆರೆಸಿದೆನೆಂಬುದನ್ನು ಹೇಳಿಯಾದರೂ ಇದ್ದಾನೆ. ನನಗೆ ಹೆಚ್ಚು ಭಯ ಹುಟ್ಟಿಸುವುದು ಹೇಳದೆ ಬೆರೆಸುವವನು. ಅವನ ಅಂಗಡಿಗೆ ಪೊಟ್ಟಣವೂ ಇಲ್ಲ, ಸಂಖ್ಯೆಯೂ ಇಲ್ಲ.

ತೊಗರಿಯನ್ನೇ ತೆಗೆದುಕೊಳ್ಳೋಣ. ಹಿಂದೆ ಮನೆಗಳಲ್ಲಿ ತೊಗರಿಯನ್ನು ನೆನೆಸಿ, ಕೆಮ್ಮಣ್ಣು ಸವರಿ, ಬಿಸಿಲಿಗೆ ಒಣಗಿಸಿ, ಬೀಸುವ ಕಲ್ಲಿನಲ್ಲಿ ಒಡೆದು, ಮೊರದಲ್ಲಿ ಕೇರುತ್ತಿದ್ದರು. ಆ ಬೇಳೆಗೆ ಹೊಳಪಿರಲಿಲ್ಲ; ಅಂಚು ತರಿತರಿ, ಅಲ್ಲಲ್ಲಿ ಹೊಟ್ಟಿನ ಚೂರು. ಇಂದಿನ ದಾಲ್ ಮಿಲ್ಲುಗಳಲ್ಲಿ ಎಣ್ಣೆ ಸವರಿ, ಯಂತ್ರದಲ್ಲಿ ಸಿಪ್ಪೆ ಬಿಡಿಸಿ, ಒಡೆದು, ಕೆಲವರು ಅದರ ಮೇಲೆ ನೀರನ್ನೋ ಎಣ್ಣೆಯನ್ನೋ ಹಚ್ಚಿ ತಿಕ್ಕಿ ಮಿರುಗಿಸುತ್ತಾರೆ. ತಿಕ್ಕಿದ ಬೇಳೆ ಅಷ್ಟರಿಂದಲೇ ವಿಷವಾಗುವುದಿಲ್ಲ, ಪೌಷ್ಟಿಕವೂ ಆಗುವುದಿಲ್ಲ. ಕಣ್ಣಿಗೆ ಚೆಂದ ಅಷ್ಟೆ. ಚಿತ್ತಾಪುರದ ಕಿರಾಣಿ ಅಂಗಡಿಯವರೊಬ್ಬರನ್ನು ನಾನು ಈ ಬಗ್ಗೆ ಕೇಳಿದೆ. “ಹೊಳಪಿಲ್ಲದ ಬ್ಯಾಳಿ ಇಟ್ರ ಯಾರ್ ಒಯ್ತಾರ್ರಿ ಸರ? ಹಳೇದು ಕೊಟ್ಟೀರಿ ಅಂತ ನನ್ನ ಮ್ಯಾಲೇ ಬರ್ತಾರ” ಎಂದರು. ಅವರ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ.

ಹೊಳಪಿನ ಆಸೆ ಇಲ್ಲಿಗೆ ನಿಂತಿದ್ದರೆ ಚಿಂತೆಯಿರಲಿಲ್ಲ. ಅದರ ಮುಂದಿನ ಹೆಜ್ಜೆ ಬಣ್ಣ. ಮೆಟಾನಿಲ್ ಯೆಲ್ಲೋ ಎಂಬ ಹಳದಿ ಬಣ್ಣವನ್ನು ಆಹಾರಕ್ಕೆ ಬಳಸಲು ಅನುಮತಿಯೇ ಇಲ್ಲ. ಆದರೂ ಬೇಳೆ, ಅರಿಶಿನ, ಮಿಠಾಯಿಗಳಲ್ಲಿ ಅದು ಸಿಕ್ಕಿಬೀಳುತ್ತಲೇ ಬಂದಿದೆ. ಬೇಳೆಯನ್ನು ನೀರಿನಲ್ಲಿ ಅಲುಗಿಸಿ, ಆ ನೀರಿಗೆ ಕೆಲವು ಹನಿ ಹೈಡ್ರೋಕ್ಲೋರಿಕ್ ಆಮ್ಲವನ್ನು ಬಿಟ್ಟರೆ ಆ ಬಣ್ಣವಿದ್ದಲ್ಲಿ ನೀರು ನಸುಗೆಂಪಾಗಿ ತಿರುಗುತ್ತದೆ. ಯಾವ ಪ್ರೌಢಶಾಲೆಯ ವಿಜ್ಞಾನದ ಗುರುಗಳಾದರೂ ಮಕ್ಕಳಿಗೆ ಇದನ್ನು ಮಾಡಿ ತೋರಿಸಬಹುದು; ತೋರಿಸಬೇಕೆಂದು ನನ್ನ ಆಗ್ರಹ. ತೊಗರಿಬೇಳೆಯಲ್ಲಿ ಕೇಸರಿಬೇಳೆಯನ್ನು ಬೆರೆಸುವ ಇನ್ನೊಂದು ಹಳೆಯ ವಂಚನೆಯಿದೆ. ಅದನ್ನೇ ಮುಖ್ಯ ಆಹಾರವಾಗಿ ಬಹುಕಾಲ ತಿಂದವರಿಗೆ ಕಾಲಿನ ಸ್ವಾಧೀನ ತಪ್ಪುವ ಲ್ಯಾಥಿರಿಸಂ ಎಂಬ ರೋಗ ಬರುತ್ತದೆ.

ಕಲಬೆರಕೆಯ ಶಿಕ್ಷೆಗೂ ಈ ನೆಲಕ್ಕೂ ನಂಟುಂಟು. ಶಹಾಬಾದದ ಸಮೀಪದ ಮರತೂರು, ಮಿತಾಕ್ಷರವನ್ನು ಬರೆದ ವಿಜ್ಞಾನೇಶ್ವರನ ಊರು. ಆತ ಕಲ್ಯಾಣದ ಆರನೆಯ ವಿಕ್ರಮಾದಿತ್ಯನ ಕಾಲದವನು. ಅವನು ವ್ಯಾಖ್ಯಾನ ಬರೆದ ಯಾಜ್ಞವಲ್ಕ್ಯ ಸ್ಮೃತಿಯಲ್ಲಿ ಔಷಧ, ಎಣ್ಣೆ, ಉಪ್ಪು, ಧಾನ್ಯ, ಬೆಲ್ಲ ಮೊದಲಾದ ಸರಕುಗಳಿಗೆ ಕೀಳು ವಸ್ತುವನ್ನು ಬೆರೆಸುವವನಿಗೆ 16 ಪಣಗಳ ದಂಡವನ್ನು ವಿಧಿಸಿದೆ. ಪಟ್ಟಿಯನ್ನು ಗಮನಿಸಬೇಕು: ಬಡವನೂ ಕೊಳ್ಳದೆ ವಿಧಿಯಿಲ್ಲದ ವಸ್ತುಗಳೇ ಅದರಲ್ಲಿ ಹೆಚ್ಚು. ಸ್ವತಂತ್ರ ಭಾರತ 1954ರಲ್ಲಿ ಕಲಬೆರಕೆ ತಡೆ ಕಾಯಿದೆಯನ್ನೂ, ಅದರ ಸ್ಥಾನದಲ್ಲಿ 2006ರಲ್ಲಿ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯಿದೆಯನ್ನೂ ತಂದಿತು. ಇಷ್ಟಾಗಿಯೂ 2024ರ ಮಾರ್ಚ್‌ನಲ್ಲಿ ಕರ್ನಾಟಕ ಸರ್ಕಾರ ಗೋಬಿ ಮಂಚೂರಿಯ 171 ಮಾದರಿಗಳನ್ನು ಪರೀಕ್ಷಿಸಿದಾಗ 107ರಲ್ಲಿ ಅಸುರಕ್ಷಿತವಾದ ಕೃತಕ ಬಣ್ಣ ಕಂಡುಬಂದಿತು. ಗೋಬಿಗೂ, ಜಾತ್ರೆಯಲ್ಲಿ ಮಕ್ಕಳು ಬೇಡಿ ಅಳುವ ಬೊಂಬಾಯಿ ಮಿಠಾಯಿಗೂ ಕೃತಕ ಬಣ್ಣ ಹಾಕುವುದನ್ನು ಆಗ ನಿಷೇಧಿಸಲಾಯಿತು. ಹೂಕೋಸು ಕೆಂಪಗೆ ಕಾಣಲೇಬೇಕೆಂದು ಯಾವ ನಾಲಗೆ ಹಟ ಹಿಡಿದಿತ್ತೋ ತಿಳಿಯದು.

ಕಾರ್ಖಾನೆಯ ತಿಂಡಿಯದು ಇನ್ನೊಂದು ಬಗೆಯ ಸಮಸ್ಯೆ. ಬ್ರೆಜಿಲ್ ದೇಶದ ಕಾರ್ಲೋಸ್ ಮೊಂಟೇರೊ ಮತ್ತು ಅವರ ಸಂಗಡಿಗರು 2009ರ ಬಳಿಕ ಆಹಾರವನ್ನು ಸಂಸ್ಕರಣೆಯ ಮಟ್ಟದ ಮೇಲೆ ನಾಲ್ಕು ವರ್ಗಗಳಾಗಿ ವಿಂಗಡಿಸಿದರು. ಅವರ ಎಣಿಕೆಯಲ್ಲಿ ನಮ್ಮ ಉಪ್ಪಿನಕಾಯಿ ಒಂದು ವರ್ಗ. ಬಿಸ್ಕೀಟು, ಕುರುಕಲು, ಬಣ್ಣದ ಪಾನೀಯಗಳು ಕೊನೆಯ ವರ್ಗ. ಈ ಕೊನೆಯ ವರ್ಗವನ್ನು ಮಿತಗೊಳಿಸಬೇಕೆಂದು ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯೂ 2024ರ ಮಾರ್ಗಸೂಚಿಯಲ್ಲಿ ಹೇಳಿದೆ. ಒಪ್ಪತಕ್ಕ ಮಾತೇ. ಆದರೆ ನಸುಕಿನಲ್ಲಿ ವಾಡಿಯ ನಿಲ್ದಾಣದಲ್ಲಿ ಒಂದು ಗಳಿಗೆ ನಿಂತು ನೋಡಿ. ಕೂಲಿಗೆ ಹೊರಟವನ ಕೈಯಲ್ಲಿ ಒಂದು ಲೋಟ ಚಹ, 5 ರೂಪಾಯಿಯ ಒಂದು ಬಿಸ್ಕೀಟು ಪೊಟ್ಟಣ. ಆ ಪೊಟ್ಟಣದಲ್ಲಿ ವಿಷವಿದೆಯೆಂದು ಅವನನ್ನು ಹೆದರಿಸುವುದು ಸುಳ್ಳು. ರೊಟ್ಟಿ, ಬೇಳೆ, ಪುಂಡಿಪಲ್ಯ ಇರಬೇಕಾದ ಜಾಗದಲ್ಲಿ ಅದು ಬಂದು ಕುಳಿತಿದೆಯೆಂಬುದು ನಿಜ. ರೊಟ್ಟಿ ಬಡಿಯಲು ಯಾರಾದರೂ ನಾಲ್ಕು ಗಂಟೆಗೆ ಏಳಬೇಕು. ಹಾಗೆ ಏಳುವವಳೂ ಆರು ಗಂಟೆಗೆ ತೊಗರಿ ಹೊಲಕ್ಕೆ ಹೋಗುವವಳೇ. ಈ ಲೆಕ್ಕವನ್ನು ಬಿಟ್ಟು ಆಹಾರದ ಉಪದೇಶ ಮಾಡುವವರಿಗೆ ನಾನು ಕಿವಿಗೊಡಲಾರೆ.

ಈಗ ಬಿಡುವ ಮಾತಿಗೆ ಬರೋಣ. ಮಧುಮೇಹದವರು ಸಕ್ಕರೆ ಬಿಡಬೇಕು, ರಕ್ತದೊತ್ತಡದವರು ಉಪ್ಪು ಇಳಿಸಬೇಕು. ಇದು ವೈದ್ಯರು ರೋಗಿಯನ್ನು ನೋಡಿ ಹೇಳುವ ಮಾತು. ರೋಗಿಯನ್ನು ನೋಡದೆ ಊರಿಗೆಲ್ಲ ಒಂದೇ ಪಥ್ಯ ಹೇಳುವುದು ಬೇರೆ. 2019ರಿಂದ 2021ರವರೆಗಿನ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಶೇಕಡಾ 47.8ರಷ್ಟು ಮಂದಿಗೆ ರಕ್ತಹೀನತೆ. ಹೆಚ್ಚುಕಡಿಮೆ ಇಬ್ಬರಲ್ಲಿ ಒಬ್ಬಳು. ನಗರದ ಸ್ಥೂಲಕಾಯದವರಿಗಾಗಿ ಹುಟ್ಟಿದ ‘ಬಿಡಿ’ ಎಂಬ ಮಾತು ಈ ಹೆಂಗಸಿನ ಕಿವಿಗೆ ಬಿದ್ದಾಗ ಅವಳು ಬಿಡುವುದಾದರೂ ಏನನ್ನು? ಹೊಸಬರನ್ನಷ್ಟೇ ಏಕೆ ಅನ್ನಬೇಕು! ಬಾಣಂತಿಗೆ ಸೊಪ್ಪು ಬೇಡ, ಬೇಳೆ ಬೇಡ, ನೀರು ಸಹ ಹೆಚ್ಚು ಬೇಡ ಎಂಬ ನಮ್ಮ ಹಿರಿಯರ ಕಟ್ಟಳೆಯೂ ಇದೇ ಜಾತಿಯದು. ಎದೆಹಾಲೂಡುವ ತಾಯಿಗೆ ಅತ್ಯಂತ ಅಗತ್ಯವಾದುದನ್ನೇ ಹುಡುಕಿ ಹುಡುಕಿ ಬಿಡಿಸಿದ್ದೇವೆ.

ಬಿಡುವ ಉಪದೇಶದ ಜೊತೆಗೆ ಯಾವುದಾದರೊಂದನ್ನು ದೇವರಾಗಿಸುವ ಚಾಳಿಯೂ ಇದೆ. ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯಗಳ ವರ್ಷವೆಂದು ಸಾರಿದಾಗ ನಮ್ಮ ಜೋಳಕ್ಕೆ ಬಂದ ಮರ್ಯಾದೆಯನ್ನು ಕಂಡು ನಾನೂ ಹಿಗ್ಗಿದೆ. ಆದರೆ ಗೋಧಿ ಅಕ್ಕಿಗಳನ್ನು ಬಿಟ್ಟು ಜೋಳವೊಂದನ್ನೇ ಹಿಡಿದರೆ ಸಕಲ ರೋಗ ಪರಿಹಾರವೆನ್ನುವವರು ಒಂದು ಹಳೆಯ ಸಂಗತಿಯನ್ನು ತಿಳಿದಿರಬೇಕು. ದಖ್ಖನ್ನಿನ ಬಡ ಜೋಳದುಣಿಗರಲ್ಲಿ ಪೆಲಾಗ್ರಾ ಎಂಬ ರೋಗವಿತ್ತು. ಬಿಸಿಲು ಬಿದ್ದ ಚರ್ಮ ಕಪ್ಪಾಗಿ ಬಿರಿಯುವುದು, ಭೇದಿ, ಚಿತ್ತಭ್ರಮೆ ಇವು ಅದರ ಲಕ್ಷಣಗಳು. ನಯಾಸಿನ್ ಎಂಬ ಜೀವಸತ್ವದ ಕೊರತೆ ಅದರ ಮೂಲ. ಡಾ. ಸಿ. ಗೋಪಾಲನ್ ಮತ್ತು ಅವರ ಸಹೋದ್ಯೋಗಿಗಳು 1960ರ ಹೊತ್ತಿಗೆ ಇದನ್ನು ಹೈದರಾಬಾದಿನಲ್ಲಿ ಅಭ್ಯಸಿಸಿ, ಜೋಳದಲ್ಲಿ ಅಧಿಕವಾಗಿರುವ ಲ್ಯೂಸಿನ್ ಎಂಬ ಅಂಶದ ಕಡೆ ಬೆರಳು ತೋರಿದರು. ಜೋಳ ಕೆಟ್ಟದ್ದೆಂದು ಇದರ ಅರ್ಥವಲ್ಲ. ಎಳ್ಳಮಾವಾಸ್ಯೆಯ ದಿನ ನಮ್ಮ ಹೊಲಗಳಿಗೆ ಹೋಗುವ ಬುತ್ತಿಯನ್ನು ಬಿಚ್ಚಿ ನೋಡಿ: ರೊಟ್ಟಿಯ ಜೊತೆ ಕಾಳುಗಳನ್ನೂ ಸೊಪ್ಪುಗಳನ್ನೂ ಕೂಡಿಸಿ ಬೇಯಿಸಿದ ಭಜ್ಜಿ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಮೊಸರು. ಹಬ್ಬದ ಬುತ್ತಿಯಲ್ಲಿದ್ದ ಈ ಕೂಟ ವರ್ಷವಿಡೀ ಎಷ್ಟು ಮನೆಗಳಲ್ಲಿತ್ತು ಎಂಬುದೇ ಪ್ರಶ್ನೆ. ಪೆಲಾಗ್ರಾ ಬಂದದ್ದು ರೊಟ್ಟಿಯ ಪಕ್ಕದಲ್ಲಿ ಏನೂ ಇಲ್ಲದವರಿಗೆ.

ಏನು ಬಿಡಬೇಕೆಂಬ ವಾದ ಈ ನೆಲಕ್ಕೆ ಹೊಸದಲ್ಲ. ಉಗ್ರಾದಿತ್ಯನೆಂಬ ಜೈನಮುನಿ ಸಂಸ್ಕೃತದಲ್ಲಿ ಬರೆದ ಕಲ್ಯಾಣಕಾರಕವೆಂಬ ವೈದ್ಯಗ್ರಂಥದ ಕೊನೆಯಲ್ಲಿ ಮಾಂಸಾಹಾರವನ್ನು ಖಂಡಿಸುವ ಒಂದು ಉಪನ್ಯಾಸ ಸೇರಿದೆ. ವಿದ್ವಾಂಸರೂ ವೈದ್ಯರೂ ನೆರೆದಿದ್ದ ನೃಪತುಂಗನ ಸಭೆಯಲ್ಲಿ ಅದನ್ನು ಹೇಳಿದುದಾಗಿ ಗ್ರಂಥವೇ ತಿಳಿಸುತ್ತದೆ. ಆ ನೃಪತುಂಗನು 814ರಿಂದ 878ರವರೆಗೆ ಆಳಿದ ಅಮೋಘವರ್ಷನೇ ಎಂದು ವಿದ್ವಾಂಸರ ಮತ. ಕಾಗಿಣಾ ನದಿಯ ದಂಡೆಯಲ್ಲಿ ಅಂದು ಎಂತಹ ವಾಗ್ವಾದ ನಡೆದಿರಬಹುದು! ಆದರೆ ಉಗ್ರಾದಿತ್ಯ ಬಿಡಿ ಎಂದಷ್ಟೇ ಹೇಳಿ ಎದ್ದುಹೋದವನಲ್ಲ. ಮದ್ಯ, ಮಾಂಸ, ಮಧುಗಳಿಲ್ಲದೆ ಚಿಕಿತ್ಸೆ ಹೇಗೆ ಸಾಧ್ಯವೆಂಬುದನ್ನು ತೋರಿಸಲು ಇಡೀ ಒಂದು ಗ್ರಂಥವನ್ನೇ ರಚಿಸಿದ. ಬೇಡವೆಂದವನು ಬದಲಿಯನ್ನು ಮುಂದಿಟ್ಟ. ಕೇಳಿದವರೂ ಹೊಟ್ಟೆ ತುಂಬಿದ್ದ ಆಸ್ಥಾನ ಪಂಡಿತರು.

2021ರ ಡಿಸೆಂಬರಿನಲ್ಲಿ ಅದೇ ವಾದ ನಮ್ಮ ಶಾಲೆಗಳ ಬಿಸಿಯೂಟದ ಸಾಲಿಗೆ ಬಂದಿತು. ಅಪೌಷ್ಟಿಕತೆ ಹೆಚ್ಚಾಗಿದ್ದ ಕಲಬುರಗಿ, ಬೀದರ, ಯಾದಗಿರಿ ಮೊದಲಾದ 7 ಜಿಲ್ಲೆಗಳ ಮಕ್ಕಳಿಗೆ ಸರ್ಕಾರ ಮೊಟ್ಟೆ ಕೊಡಲು ಆರಂಭಿಸಿತು. ಮೊಟ್ಟೆ ತಿನ್ನದವರಿಗೆ ಬಾಳೆಹಣ್ಣು. ಕೆಲವು ಮಠಾಧೀಶರು ವಿರೋಧಿಸಿದರು, ಶಾಲೆಯ ಪಂಕ್ತಿಯಲ್ಲಿ ಭೇದ ಹುಟ್ಟುತ್ತದೆಂದು ವಾದಿಸಿದರು. ಅವರ ಅಳುಕು ಪ್ರಾಮಾಣಿಕವಾದುದೆಂದೇ ನಾನು ಭಾವಿಸುತ್ತೇನೆ. ಆದರೆ ವಾದಿಸಿದವರಲ್ಲಿ ಮಕ್ಕಳಿರಲಿಲ್ಲ, ತಿನ್ನಬೇಕಾದವರು ಅವರು. ಮೊಟ್ಟೆ ಕೊಟ್ಟ ಯಾದಗಿರಿಯ ಮಕ್ಕಳನ್ನೂ ಆಗ ಕೊಡದಿದ್ದ ಗದಗಿನ ಮಕ್ಕಳನ್ನೂ ತೂಗಿ ನೋಡಿದಾಗ ಯಾದಗಿರಿಯ ಮಕ್ಕಳ ತೂಕ ಹೆಚ್ಚು ಏರಿದ್ದು ಕಂಡಿತು. ಮುಂದೆ ಯೋಜನೆ ರಾಜ್ಯಕ್ಕೆಲ್ಲ ಹಬ್ಬಿತು. 2024ರಲ್ಲಿ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನದ ನೆರವಿನಿಂದ ವಾರಕ್ಕೆ ಆರು ದಿನಗಳಿಗೆ ಏರಿತು.

ನಾನು ಮೊಟ್ಟೆ ತಿನ್ನದ ಮನೆಯಲ್ಲಿ ಹುಟ್ಟಿದವನು, ಇಂದಿಗೂ ತಿನ್ನುವುದಿಲ್ಲ. ಅದು ನನ್ನ ನೇಮ. ಅದರ ಖರ್ಚನ್ನು ಭರಿಸಲು ನನ್ನ ಮನೆಯಲ್ಲಿ ಹಾಲೂ ತುಪ್ಪವೂ ಬೇಳೆಯೂ ಇದ್ದವು. ಚಿಂಚೋಳಿಯ ಒಂದು ತಾಂಡಾದ ಶಾಲೆಯಲ್ಲಿ ಮಕ್ಕಳು ಮೊಟ್ಟೆ ಸುಲಿಯುವುದನ್ನು ಒಮ್ಮೆ ನೋಡುತ್ತ ಕುಳಿತಿದ್ದೆ. ಒಬ್ಬ ಹುಡುಗಿ ಅರ್ಧವನ್ನು ತಿಂದು ಉಳಿದರ್ಧವನ್ನು ಕಾಗದದಲ್ಲಿ ಸುತ್ತುತ್ತಿದ್ದಳು. ಯಾರಿಗೆಂದು ಕೇಳಿದೆ. “ತಮ್ಮಗ್ರಿ, ಅಂವಾ ಇನ್ನಾ ಸಾಲಿಗಿ ಹಚ್ಚಿಲ್ಲ” ಎಂದಳು.