ಗದ್ದೆಯ ಬಯಲು, ಗಾಲ್ಫಿನ ಹಸುರು

ಮೂಡಿಗೆರೆಯಿಂದ ಕಳಸದತ್ತ ಸಾಗುವ ಹಾದಿಯಲ್ಲಿ, ಕಾಫಿತೋಟಗಳು ಇಳಿದು ಮುಗಿಯುವ ತಗ್ಗುಗಳಲ್ಲಿ, ಹಿರಿಯರು ಬದು ಕಟ್ಟಿ ಉತ್ತ ಗದ್ದೆಗಳು ಆಳುಗಳ ಅಭಾವದಿಂದಲೂ ಆನೆಗಳ ಹಾವಳಿಯಿಂದಲೂ ಬೀಳುಬಿದ್ದಿರುವುದನ್ನು ಕಂಡವರಿಗೆ, ಈ ನೆಲಕ್ಕೆ ಇನ್ನಾವ ಗತಿಯೆಂಬ ಪ್ರಶ್ನೆ ಹುಟ್ಟದಿರದು. ಊರ ಶಾಲೆಯ ಹುಡುಗರೂ ಅಲ್ಪ ಶುಲ್ಕ ತೆತ್ತು ಆಡಬಲ್ಲ ಗಾಲ್ಫ್ ಮೈದಾನವಾದರೆ ಹೇಗೆಂದು ಯಾರಾದರೂ ಕೇಳಿದರೆ ನಗುವುದು ಸುಲಭ.

ಆಂಗ್ಲರೊಡನೆ ಬಂದ ಈ ಕ್ರೀಡೆ, 1876ರಲ್ಲಿ ಬೆಂಗಳೂರು ಗಾಲ್ಫ್ ಕ್ಲಬ್ ಸ್ಥಾಪಿತವಾದಂದಿನಿಂದ ನಮ್ಮಲ್ಲಿ ಬಹುಮಟ್ಟಿಗೆ ಸದಸ್ಯರ ಸೊತ್ತಾಗಿಯೇ ಉಳಿದಿದೆ. ಅದರ ತವರಾದ ಸ್ಕಾಟ್ಲೆಂಡಿನ ಸೇಂಟ್ ಆಂಡ್ರ್ಯೂಸ್‌ನಲ್ಲಾದರೋ ಅತ್ಯಂತ ಪ್ರಾಚೀನವಾದ ಮೈದಾನವೇ ಸಾರ್ವಜನಿಕರದು; ಭಾನುವಾರಗಳಲ್ಲಿ ಸಾಮಾನ್ಯವಾಗಿ ಆಟವನ್ನು ನಿಲ್ಲಿಸಿ, ಊರವರು ಅಲ್ಲಿ ಸ್ವೇಚ್ಛೆಯಿಂದ ವಿಹರಿಸುತ್ತಾರೆ.

ತೊಡಕಿರುವುದು ನೀರಿನಲ್ಲಿ. ಫೆಬ್ರವರಿ, ಮಾರ್ಚಿನಲ್ಲಿ ಹೂಮಳೆ ತಡವಾದರೆ, ಹಳ್ಳಕ್ಕೆ ಪಂಪು ಇಳಿಸಿ, ಸ್ಪ್ರಿಂಕ್ಲರ್ ತಿರುಗಿಸಿ, ರೋಬಸ್ಟಾ ಗಿಡಗಳಿಗೆ ನೀರುಣಿಸುವ ಆ ದಿನಗಳಲ್ಲಿಯೇ ಮೈದಾನದ ಹುಲ್ಲೂ ಬಾಯಾರಿ ನಿಲ್ಲುತ್ತದೆ. ಅದಕ್ಕೆ ಸುರಿದ ಗೊಬ್ಬರ, ಔಷಧಿಗಳು ಮಳೆಗಾಲದಲ್ಲಿ ಹೇಮಾವತಿಗೋ ಭದ್ರೆಗೋ ಸೇರದೆ ಇರಲಾರವು. ಹದಿನೆಂಟು ಕುಳಿಗಳ ಮೈದಾನಕ್ಕೆ ಸಾಮಾನ್ಯವಾಗಿ 100 ಎಕರೆಗೂ ಮಿಕ್ಕ ನೆಲ ಬೇಕು. ಒಂಬತ್ತು ಕುಳಿಗಳು ಸಾಕು, ಅದೂ ನೀರು ತಂಗುವ ತಳದ ಗದ್ದೆಯನ್ನು ಮುಟ್ಟದೆ, ಮೇಲಣ ಒಣನೆಲದಲ್ಲಿ ಎಂಬುದು ನನ್ನ ಮತ. 1964ರ ಭೂಕಂದಾಯ ಕಾಯಿದೆಯಂತೆ ಕೃಷಿಭೂಮಿಯನ್ನು ಅನ್ಯ ಉಪಯೋಗಕ್ಕೆ ಪರಿವರ್ತಿಸಲು ಅಪ್ಪಣೆ ಪಡೆಯಬೇಕಷ್ಟೆ. ಅದಕ್ಕೂ ಮುನ್ನ, ಪಹಣಿಯಲ್ಲಿ ಜಂಟಿಯಾಗಿರುವ ಅಣ್ಣತಮ್ಮಂದಿರೆಲ್ಲರ ರುಜು ದೊರೆಯಬೇಕು, ಮಲೆನಾಡಿನಲ್ಲಿ ಅದೇನು ಸಣ್ಣ ಕೆಲಸವಲ್ಲ.