ಹೊಡೆತ ತಿಂದವಳಿಗೆ ಪಂಚಾಯಿತಿ ಏನು ಕೊಡಬೇಕು?



ಗ್ರಾಮ ಪಂಚಾಯಿತಿಯ ಹಾಲಿ, ಮಾಜಿ ಸದಸ್ಯೆಯರು, ಅಂಗನವಾಡಿ ಮತ್ತು ಆಶಾ ಕಾರ್ಯಕರ್ತೆಯರು ಸೇರಿರುವ ಈ ಸಮಾವೇಶದ ಅಧ್ಯಕ್ಷತೆಯನ್ನು ನನಗೆ ವಹಿಸಿದ್ದೀರಿ. ನೇರವಾಗಿ ವಿಷಯಕ್ಕೆ ಬರುತ್ತೇನೆ.

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಕರ್ನಾಟಕದ 18ರಿಂದ 49 ವರ್ಷದ ವಿವಾಹಿತೆಯರ ಪೈಕಿ ಶೇ 44.4 ಮಂದಿ ಗಂಡನಿಂದ ಹಿಂಸೆ ಅನುಭವಿಸಿದ್ದೇವೆ ಎಂದರು. ಅದರ ಹಿಂದಿನ ಸಮೀಕ್ಷೆಯಲ್ಲಿ ಈ ಪ್ರಮಾಣ ಶೇ 20.6 ಇತ್ತು. 2019–21ರಲ್ಲಿ ದೇಶದ ಸರಾಸರಿ ಶೇ 29.3 ಇತ್ತು. ಹಿಂಸೆ ಹೆಚ್ಚಿತೋ, ಹೇಳಿಕೊಳ್ಳುವ ಧೈರ್ಯ ಹೆಚ್ಚಿತೋ ಎಂಬ ಚರ್ಚೆಯನ್ನು ತಜ್ಞರು ಮಾಡಲಿ. ಅದು ಮುಗಿಯುವ ತನಕ ನಾವು ಕಾಯುತ್ತ ಕೂರುವಂತಿಲ್ಲ.

ಹೊಡೆತ ತಿಂದ ಹೆಂಗಸು ಮೊದಲು ಹೋಗುವುದು ತವರಿಗೆ. ಅಲ್ಲಿ ಆಗಲಿಲ್ಲವೆಂದರೆ ಊರಿನ ಹಿರಿಯರ ಬಳಿಗೆ, ಇಲ್ಲವೇ ಅವಳೇ ಓಟು ಹಾಕಿದ ಸದಸ್ಯೆಯ ಬಾಗಿಲಿಗೆ. ಪೊಲೀಸ್ ಠಾಣೆ, ಕೋರ್ಟು ಬಹಳ ದೂರ. ಹೀಗೆ ಬಂದವಳಿಗೆ ನಾವು ಏನು ಮಾಡುತ್ತಿದ್ದೇವೆ? ಇಬ್ಬರನ್ನೂ ಕೂರಿಸಿ ರಾಜಿ ಮಾಡಿಸುತ್ತೇವೆ. ‘ನೀನೇನು ಮಾಡಿದೆಯಮ್ಮ, ಅವನಿಗೆ ಅಷ್ಟು ಸಿಟ್ಟು ಬರುವಂಥದ್ದು?’ ಎಂದು ಮೊದಲು ಅವಳನ್ನೇ ಕೇಳುತ್ತೇವೆ. ‘ಮಕ್ಕಳ ಮುಖ ನೋಡಿ ಹೊಂದಿಕೊಂಡು ಹೋಗು’ ಎಂದು ಬುದ್ಧಿ ಹೇಳಿ, ಬಿಳಿ ಹಾಳೆಯ ಮೇಲೆ ಹೆಬ್ಬೆಟ್ಟು ಒತ್ತಿಸಿ ಕಳಿಸುತ್ತೇವೆ. ಅವತ್ತಿನ ರಾತ್ರಿ ಅವಳು ಆ ಮನೆಯಲ್ಲೇ ಮಲಗಬೇಕು. ಊರಿನವರ ಮುಂದೆ ತನ್ನ ಮಾನ ತೆಗೆದಳು ಎಂಬ ಹೊಸ ಸಿಟ್ಟು ಅವನಿಗೆ ಸಿಕ್ಕಿರುತ್ತದೆ.

ನಾನು ಇಂದು ಹೇಳಬೇಕೆಂದು ಬಂದಿರುವುದು ಇದನ್ನೇ: ಈ ರಾಜಿ ಪಂಚಾಯಿತಿಯನ್ನು ನಾವು ನಿಲ್ಲಿಸಬೇಕು.

2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆ 2006ರ ಅಕ್ಟೋಬರ್ 26ರಿಂದ ಜಾರಿಯಲ್ಲಿದೆ. ಅದರ ಪ್ರಕಾರ ಆಪ್ತ ಸಮಾಲೋಚನೆಗೆ ಕಳಿಸುವುದು ಮ್ಯಾಜಿಸ್ಟ್ರೇಟರ ಕೆಲಸ. ಸಮಾಲೋಚಕರಿಗೂ ಅರ್ಹತೆ, ಅನುಭವ ಇರಬೇಕು. ಅಲ್ಲಿ ತಾನು ಯಾಕೆ ಹೊಡೆದೆ ಎಂದು ಗಂಡ ಸಮರ್ಥನೆ ಕೊಡುವಂತಿಲ್ಲವೆಂದು ನಿಯಮಗಳು ಸ್ಪಷ್ಟವಾಗಿ ಹೇಳುತ್ತವೆ. ನಾವು ಅರಳಿಕಟ್ಟೆಯಲ್ಲಿ ಕೇಳುವ ಮೊದಲ ಪ್ರಶ್ನೆಗೆ ಕಾನೂನಿನಲ್ಲಿ ಜಾಗವೇ ಇಲ್ಲ.

ಹಾಗಾದರೆ ಸದಸ್ಯೆ ಏನು ಮಾಡಬೇಕು? ಹಿಂಸೆ ನಡೆದಿದೆ, ನಡೆಯಬಹುದು ಎಂದು ನಂಬಲು ಕಾರಣವಿರುವ ಯಾರು ಬೇಕಾದರೂ ಈ ಕಾಯ್ದೆಯಡಿ ನೇಮಕವಾದ ರಕ್ಷಣಾಧಿಕಾರಿಗೆ ತಿಳಿಸಬಹುದು. ಸದುದ್ದೇಶದಿಂದ ತಿಳಿಸಿದವರ ಮೇಲೆ ಕೇಸು ಬರುವುದಿಲ್ಲ. ನಮ್ಮ ರಾಜ್ಯದಲ್ಲಿ ರಕ್ಷಣಾಧಿಕಾರಿಯ ಹೊಣೆ ಇರುವುದು ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿ (ಸಿಡಿಪಿಒ) ಅವರಿಗೆ. ತಾಲ್ಲೂಕಿನ ಅಷ್ಟೂ ಅಂಗನವಾಡಿಗಳ ಭಾರ ಹೊತ್ತವರಿಗೇ ಇದನ್ನೂ ಹೊರಿಸಿರುವುದು ಸರಿಯಲ್ಲ, ಪ್ರತ್ಯೇಕ ಅಧಿಕಾರಿ ಬೇಕು ಎಂದು ಸರ್ಕಾರವನ್ನು ಒತ್ತಾಯಿಸೋಣ. ಅಲ್ಲಿಯವರೆಗೆ ಅವರ ನಂಬರು, 181 ಮಹಿಳಾ ಸಹಾಯವಾಣಿಯ ನಂಬರು ಪಂಚಾಯಿತಿ ಗೋಡೆಯ ಮೇಲೆ, ನ್ಯಾಯಬೆಲೆ ಅಂಗಡಿಯ ಮುಂದೆ ದಪ್ಪ ಅಕ್ಷರದಲ್ಲಿ ಇರಲಿ. ವಕೀಲರ ಫೀಸಿಗೆ ಹೆದರುವವಳಿಗೆ, ಆದಾಯ ಎಷ್ಟೇ ಇದ್ದರೂ ಹೆಂಗಸರಿಗೆ ಉಚಿತ ಕಾನೂನು ನೆರವು ಸಿಗುತ್ತದೆ ಎಂದು ಹೇಳಿ. ‘ಮನೆ ಮಾವನ ಹೆಸರಿನಲ್ಲಿದೆ, ನಿನಗೇನು ಹಕ್ಕು?’ ಎಂದು ಹೆದರಿಸಿದರೆ, ಅತ್ತೆಮಾವಂದಿರ ಹೆಸರಿನ ಮನೆಯಾದರೂ ಅವಳು ಸಂಸಾರ ಮಾಡಿದ ಮನೆಯಲ್ಲಿ ವಾಸದ ಹಕ್ಕು ಕೇಳಬಹುದು ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದನ್ನು ನೆನಪಿಸಿ. ಹೊಡೆದವನನ್ನೇ ಮನೆಯಿಂದ ಹೊರಗಿಡುವ ಆದೇಶ ಕೊಡಲೂ ಮ್ಯಾಜಿಸ್ಟ್ರೇಟರಿಗೆ ಅಧಿಕಾರವಿದೆ.

ಇಷ್ಟು ಕಾನೂನಿನ ಮಾತು. ಕೋರ್ಟಿನ ಕೈಯಲ್ಲಿ ಇಲ್ಲದ್ದು, ನಮ್ಮ ಕೈಯಲ್ಲಿರುವುದು ಬೇರೆ ಇದೆ. ಅದು ಕಾಗದಪತ್ರ. ಮನೆ ಬಿಟ್ಟು ಬಂದವಳಿಗೆ ರೇಷನ್ ಕಾರ್ಡ್ ಇರುವುದಿಲ್ಲ. ಹೊಸದಕ್ಕೆ ಹೋದರೆ ಹಳೆಯ ಕಾರ್ಡಿನಿಂದ ಹೆಸರು ತೆಗೆಸಿಕೊಂಡು ಬಾ ಎನ್ನುತ್ತಾರೆ. ಆ ಕಾರ್ಡು ಅತ್ತೆಯ ಬೀರುವಿನಲ್ಲಿ ಇರುತ್ತದೆ. ಕಾರ್ಡಿನಲ್ಲಿ ಯಜಮಾನಿ ಅತ್ತೆಯಾದ್ದರಿಂದ ಗೃಹಲಕ್ಷ್ಮಿ ಯೋಜನೆಯ 2,000 ರೂಪಾಯಿಯೂ ಅಲ್ಲಿಗೇ ಹೋಗುತ್ತದೆ. ವಾಸದ ದೃಢೀಕರಣ, ಕೂಲಿ ಕೆಲಸದ ಕಾರ್ಡು, ಮಕ್ಕಳ ವರ್ಗಾವಣೆ ಪತ್ರ, ಪ್ರತಿಯೊಂದಕ್ಕೂ ಗಂಡನ ಸಹಿ ಬೇಕೆಂದು ಯಾರೋ ಒಬ್ಬರು ಕೇಳುತ್ತಾರೆ. ಹೀಗೆ ಅಲೆದು ಅಲೆದು ಸುಸ್ತಾಗಿಯೇ ಎಷ್ಟೋ ಹೆಣ್ಣುಮಕ್ಕಳು ಆ ಮನೆಗೆ ಹಿಂತಿರುಗುತ್ತಾರೆ. ಪ್ರೀತಿಯಿಂದ ಹೋದಳು ಎಂದು ನಾವು ಅಂದುಕೊಳ್ಳುತ್ತೇವೆ.

ಇನ್ನೊಂದು ಸಂಕಟವನ್ನು ಸ್ವಸಹಾಯ ಸಂಘದ ಅಕ್ಕಂದಿರು ಬಲ್ಲಿರಿ. ಸಾಲ ಅವಳ ಹೆಸರಿನಲ್ಲಿ, ಖರ್ಚು ಮಾಡಿದವನು ಅವನು. ಅವಳು ತವರು ಸೇರಿದ ವಾರವೇ ಕಂತು ಕೇಳಲು ಅಲ್ಲಿಗೂ ಜನ ಬರುತ್ತಾರೆ. ಗುಂಪಿನ ಉಳಿದವರು ಕಟ್ಟಬೇಕಾಗುವುದರಿಂದ ಅವಳ ಗೆಳತಿಯರೇ ‘ವಾಪಸ್ ಹೋಗೇ’ ಎನ್ನುವ ಸ್ಥಿತಿ. ಇಂಥವಳ ಕಂತಿಗೆ ಆರು ತಿಂಗಳ ಬಿಡುವು ಕೊಡುವಂತೆ ಸಂಘಗಳ ಒಕ್ಕೂಟಗಳು ನಿಯಮ ಮಾಡಿಕೊಳ್ಳಬೇಕು.

ಮನೆ ಬಿಟ್ಟು ಬಂದವಳ ತುರ್ತು ನೆರವಿಗೆ ಹಣ ಎಲ್ಲಿಂದ ಎಂದು ಕೇಳುತ್ತೀರಿ. ಕೇರಳದ ಪಂಚಾಯಿತಿಗಳು ಯೋಜನಾ ನಿಧಿಯ ಶೇ 10ರಷ್ಟನ್ನು ಮಹಿಳೆಯರಿಗೆಂದು ಎತ್ತಿಡಬೇಕು. ಅಲ್ಲಿ ಮಹಿಳೆಯರ ದೂರು ಆಲಿಸುವ ಪಂಚಾಯಿತಿ ಮಟ್ಟದ ಜಾಗೃತಾ ಸಮಿತಿಗಳೂ ಇವೆ. ಅಲ್ಲಿಯೂ ಎಲ್ಲವೂ ಚೆನ್ನಾಗಿ ನಡೆದಿಲ್ಲ, ಆದರೆ ಅವರ ಬಜೆಟ್ಟಿನಲ್ಲಿ ಇದಕ್ಕೊಂದು ಸಾಲು ಇದೆ. ಕೇಂದ್ರ ಸರ್ಕಾರ ನಮ್ಮ ಪಂಚಾಯಿತಿಗಳ ಮುಂದಿಟ್ಟಿರುವ ಒಂಬತ್ತು ಗುರಿಗಳಲ್ಲಿ ‘ಮಹಿಳಾ ಸ್ನೇಹಿ ಪಂಚಾಯಿತಿ’ಯೂ ಒಂದು. ಅದರಡಿ ಆಸ್ಪತ್ರೆಗೆ ಹೋಗುವ ಗಾಡಿ ಬಾಡಿಗೆ, ಒಂದು ರಾತ್ರಿಯ ತಂಗುವಿಕೆ, ಎರಡು ವಾರದ ದಿನಸಿ, ಇಷ್ಟಕ್ಕೆ ಹಣ ಇಡಲು ಮನಸ್ಸಿದ್ದರೆ ಸಾಕು.

ಅಕ್ಕಂದಿರೇ, ಕಷ್ಟದ ಮಾತೂ ಒಂದಿದೆ. ಇಲ್ಲಿ ಕುಳಿತವರಲ್ಲೂ ಮನೆಯಲ್ಲಿ ಏಟು ತಿನ್ನುವವರಿದ್ದೀರಿ. ಪಂಚಾಯಿತಿಯಲ್ಲಿ ಅರ್ಧದಷ್ಟು ಸ್ಥಾನ ನಮಗೆ ಬಂತು, ಆದರೆ ಅಧ್ಯಕ್ಷೆಯ ಕುರ್ಚಿಯ ಪಕ್ಕದಲ್ಲಿ ಗಂಡ ಕೂತು ಕಡತ ತಿರುವುವುದು ನಿಂತಿಲ್ಲ. ನೊಂದವಳೊಬ್ಬಳು ದೂರು ತಂದಾಗ ಅವನೇ ಮೊದಲು ಓದಿದರೆ ಅವಳ ಗುಟ್ಟು ಸಂಜೆಯೊಳಗೆ ಊರೆಲ್ಲ ಹರಡುತ್ತದೆ. ಆದ್ದರಿಂದ ಈ ದೂರುಗಳು ಸಾಮಾನ್ಯ ಕಡತಕ್ಕೆ ಸೇರದಿರಲಿ. ಬೀಗ ಹಾಕಿಡುವ ಪ್ರತ್ಯೇಕ ಪುಸ್ತಕ ಇರಲಿ, ಬೀಗದ ಕೈ ಒಬ್ಬ ಮಹಿಳಾ ಸಿಬ್ಬಂದಿಯ ಬಳಿ ಇರಲಿ. ನಿಮ್ಮ ಹೆಸರೇ ಆ ಪುಸ್ತಕದಲ್ಲಿ ಬರಬೇಕಾದರೆ ನಾಚಿಕೆಪಡಬೇಡಿ. ನಿಮ್ಮ ಜೊತೆ ಠಾಣೆಗೆ ಬರಲು ಈ ಸಭೆಯಲ್ಲಿ ನೂರು ಜನ ಸಿಗುತ್ತಾರೆ.

ಮಧ್ಯಾಹ್ನದ ಗೋಷ್ಠಿಗೆ ಒಂದು ನಿರ್ಣಯವನ್ನು ಮುಂದಿಡುತ್ತಿದ್ದೇನೆ. ನಿವೇಶನ, ಮನೆ ಹಂಚುವ ಗ್ರಾಮಸಭೆಗಳಲ್ಲಿ ಗಂಡನ ಹಿಂಸೆಯಿಂದ ಹೊರಬಂದ ಹೆಂಗಸರಿಗೆ ಆದ್ಯತೆ ಸಿಗಬೇಕು, ಅದಕ್ಕೆ ವಿಚ್ಛೇದನದ ಆದೇಶ ಕೇಳಕೂಡದು ಎಂಬುದೇ ಆ ನಿರ್ಣಯ. ದುರುಪಯೋಗವಾದೀತು ಎಂದು ಕೆಲವು ಸದಸ್ಯೆಯರು ನಿನ್ನೆಯೇ ಆಕ್ಷೇಪ ಎತ್ತಿದ್ದಾರೆ. ರಕ್ಷಣಾಧಿಕಾರಿಯ ವರದಿಯೊಂದೇ ಪುರಾವೆಗೆ ಸಾಕೆಂಬುದು ನನ್ನ ನಿಲುವು. ಒಪ್ಪದವರು ಎದ್ದು ನಿಂತು ವಾದಿಸಲಿ, ತಿದ್ದುಪಡಿ ತರಲಿ. ಸಂಜೆ ಐದರೊಳಗೆ ಮತಕ್ಕೆ ಹಾಕೋಣ.